ನನ್ನ ಕಾರನ್ನು ನೂಕಿದವಳು

ಬೆಂಗಳೂರಿನಲ್ಲಿ ಕಾರಿನ ಯೋಗ್ಯತೆ ತಿಳಿಯುವುದು ಎರಡನೇ ಗೇರಿನಲ್ಲಿ. ಐದನೇ ಗೇರಿನಲ್ಲಿ ಎಲ್ಲ ಕಾರುಗಳೂ ಒಳ್ಳೆಯವೇ. ಹಲಸೂರಿನ ಬಜಾರಿನಲ್ಲಿ ಮುಂದೊಂದು ಹಸು, ಪಕ್ಕದಲ್ಲಿ ಆಟೊ, ಹಿಂದೆ ಬಸ್ಸು ಇರುವಾಗ ಮುಗ್ಗರಿಸದೆ, ಕುಲುಕದೆ ನಿಧಾನವಾಗಿ ಸಾಗುವ ಕಾರನ್ನು ನಾನು ಒಳ್ಳೆಯ ಕಾರು ಎನ್ನುತ್ತೇನೆ. ಇಂಥ ಅಭಿಪ್ರಾಯಗಳು ನನ್ನಲ್ಲಿ ಬಹಳ ಇವೆ. ಕಾರು ಚಿಕ್ಕದಿರಬೇಕು. ಗೇರನ್ನು ಕೈಯಿಂದಲೇ ಹಾಕಬೇಕು. ಅದರ ಸದ್ದುಗಳೆಲ್ಲ ಪರಿಚಯವಾಗುವಷ್ಟು ವರ್ಷ ಇಟ್ಟುಕೊಳ್ಳಬೇಕು. ಹಾರ್ನ್ ಮುಟ್ಟದೆ ಮನೆ ಸೇರಿದ ದಿನ ಒಳ್ಳೆಯ ದಿನ.

ಮನೆಯಲ್ಲಿ ಇದನ್ನೆಲ್ಲ ಕೇಳುವವರಿಲ್ಲ. ನನ್ನ ಗಂಡನಿಗೆ ಕಾರೆಂದರೆ ಕೂತರೆ ಊರು ಮುಟ್ಟಿಸುವ ಪೆಟ್ಟಿಗೆ. ಅವರು ಡ್ರೈವಿಂಗ್ ಕಲಿಯಲೇ ಇಲ್ಲ. ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿ ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿಕೊಂಡು ನಿಲ್ಲುವ ಹೆಂಗಸು ನಾನೊಬ್ಬಳೇ. ವಿಮೆ ಕಚೇರಿಯ ಕೆಲಸದಿಂದ ನಿವೃತ್ತಳಾದ ಮೇಲಂತೂ ಆ ಹಳೆಯ ಕಾರೇ ನನ್ನ ದಿನಚರಿಯಾಯಿತು.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮಹದೇವಪುರದ ತಂಗಿಯ ಮನೆಯಿಂದ ಹೊರಟಿದ್ದೆ. ಹೋಗುವಾಗ ರಸ್ತೆ ರಸ್ತೆಯಂತೆಯೇ ಇತ್ತು. ಊಟ ಮಾಡಿ ಹೊರಡುವಷ್ಟರಲ್ಲಿ ಕೆರೆಯಾಗಿತ್ತು. ತಳ ಕಾಣದ ನೀರಿಗೆ ಗಾಡಿ ಇಳಿಸಬಾರದು ಎಂಬುದು ನನ್ನದೇ ಪಾಠ. ಹಾಗಾಗಿ ಅಂಚಿನಲ್ಲಿ ನಿಂತೆ. ಆದರೆ ನಿಂತವರನ್ನು ನಿಲ್ಲಲು ಬಿಡುವ ಊರಲ್ಲ ನಮ್ಮದು. ಹಿಂದಿನವರ ಹಾರ್ನಿಗೆ ಸ್ವಲ್ಪ ಮುಂದೆ ಸರಿದೆ. ಅಷ್ಟರಲ್ಲಿ ದೊಡ್ಡದೊಂದು ಕಾರು ಪಕ್ಕದಲ್ಲೇ ರಭಸದಿಂದ ನುಗ್ಗಿತು. ಅದು ಎಬ್ಬಿಸಿದ ಅಲೆ ನನ್ನ ಬಾನೆಟ್ಟಿನ ಮೇಲೆ ಹರಿಯಿತು. ಇಂಜಿನ್ ಒಮ್ಮೆ ಕೆಮ್ಮಿ ನಿಂತುಹೋಯಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂದು ನನ್ನ ಪಾದ ಮುಚ್ಚಿತು.

"ಸೆಲ್ಫ್ ಹೊಡೀರಿ ಮೇಡಂ, ಆನ್ ಆಗುತ್ತೆ," ಎಂದು ಬೈಕಿನವನೊಬ್ಬ ಕೂಗಿದ. ಹಿಂದಿದ್ದ ಕ್ಯಾಬಿನವನೂ ಅದನ್ನೇ ಹೇಳಿದ.

"ಸ್ಟಾರ್ಟ್ ಮಾಡಲ್ಲ. ಒಳಗೆ ನೀರು ಹೋಗಿದ್ರೆ ಇಂಜಿನ್ ಹೋಗುತ್ತೆ," ಎಂದೆ. ಯಾರೂ ಒಪ್ಪಲಿಲ್ಲ.

ಆಗ ಫುಟ್‌ಪಾತಿನಿಂದ ಒಬ್ಬ ಹೆಂಗಸು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದಳು. ಹೆಗಲಲ್ಲಿ ಊಟದ ಡಬ್ಬಿಯ ಚೀಲ, ಮೂವತ್ತರ ಆಸುಪಾಸಿನ ವಯಸ್ಸು. "ಅಕ್ಕೋರು ಬ್ಯಾಡ ಅಂದ್ರ ಬ್ಯಾಡ. ಗಾಡಿ ಅವರದದ. ಮೊದಲ ನೂಕ್ರಿ," ಎಂದು ಆ ಗಂಡಸರಿಗೆ ಹೇಳಿ, ತಾನೇ ಡಿಕ್ಕಿಗೆ ಎರಡೂ ಕೈ ಕೊಟ್ಟಳು. ಕ್ಯಾಬಿನವನೂ ಇಳಿದ. ಅವಳು ಪಕ್ಕದ ಗಲ್ಲಿಯತ್ತ ತಿರುಗಿ ಕೂಗಿದ್ದಕ್ಕೆ ಇನ್ನೂ ನಾಲ್ಕಾರು ಮಂದಿ ಓಡಿಬಂದರು. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ, ಅವರೆಲ್ಲ ಸೇರಿ ಕಾರನ್ನು ಗಲ್ಲಿಯ ಏರಿಗೆ ಹತ್ತಿಸಿದರು.

ಅಲ್ಲಿದ್ದುದು ಸಾಲಾಗಿ ಬಾಡಿಗೆ ಕೋಣೆಗಳು. ಅವಳದೂ ಅವುಗಳಲ್ಲೊಂದು. ಯಾದಗಿರಿ ಕಡೆಯವಳು, ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುತ್ತಿದ್ದಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ನನ್ನನ್ನು ಒಳಗೆ ಕರೆದು, ಉಡಲು ಒಣಸೀರೆ ಕೊಟ್ಟು, ಚಹಾ ಕಾಸಿ, ತಟ್ಟೆಯಲ್ಲಿ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ಇಟ್ಟಳು. ತಂಗಿಯ ಮನೆಯಲ್ಲಿ ಉಂಡಿದ್ದೆ ಎಂದು ಹೇಳಲು ಮನಸ್ಸಾಗಲಿಲ್ಲ. ತಿಂದೆ. ಮುಗಿದ ಮೇಲೆ ಕೇಳಿದಳು: "ಅಕ್ಕೋರೆ, ಹೆಣ್ಣಮಕ್ಕಳು ಕಾರ್ ಹೊಡೀಲಾಕ ಎಷ್ಟು ದಿನ ಕಲೀಬೇಕ್ರಿ?"

"ಗಂಡಸ್ರಿಗೆ ಎಷ್ಟು ದಿನ ಬೇಕೋ ಅಷ್ಟೇ. ಕಲೀತೀಯಾ?"

ಅವಳು ನಕ್ಕಳು. ಮಾತಿಗೆ ಕೇಳಿದ್ದಲ್ಲ ಎಂದು ಆ ನಗುವಿನಲ್ಲೇ ತಿಳಿಯಿತು. "ಈ ಗಾಡಿ ರಿಪೇರಿಯಾಗ್ಲಿ, ನಾನೇ ಕಲಿಸ್ತೀನಿ," ಎಂದೆ.

ಕಾರು ಆ ರಾತ್ರಿ ಅಲ್ಲೇ ಉಳಿಯಿತು. ಮರುದಿನ ಗಾಡಿ ಎಳೆಯುವವರನ್ನು ಕರೆದುಕೊಂಡು ಹೋದಾಗ ಗಲ್ಲಿಯವರು ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿ, ಗಾಳಿಗೆ ಹಾರದಂತೆ ಇಟ್ಟಿಗೆ ಇಟ್ಟಿದ್ದರು. ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನನ್ನ ಹಳೆಯ ಮೆಕ್ಯಾನಿಕ್ ಅದನ್ನು ಬಿಚ್ಚಿ ನೋಡಿ, "ಆಮೇಲೆ ಸ್ಟಾರ್ಟ್ ಮಾಡಿಲ್ಲ ಅಲ್ವಾ ಮೇಡಂ? ಬಚ್ ಗಯಾ, ಉಳ್ಕೊಳ್ತು. ಇಲ್ಲಾಂದ್ರೆ ಇಂಜಿನ್ ಖಲಾಸ್ ಆಗ್ತಿತ್ತು," ಎಂದ.

"ಈಗ್ಲಾದ್ರೂ ಇದನ್ನ ಕೊಟ್ಬಿಡೋಣ ಕಣೇ," ಎಂದರು ನನ್ನ ಗಂಡ.

"ಆಗಲ್ಲ ರೀ. ಒಬ್ರಿಗೆ ಕಲಿಸ್ತೀನಿ ಅಂತ ಮಾತು ಕೊಟ್ಟಿದೀನಿ."

ಅವಳಿಗೆ ಎಲ್‌ಎಲ್‌ಆರ್ ಮಾಡಿಸಿ, ಕಾರಿಗೆ ಎಲ್ ಬೋರ್ಡ್ ಅಂಟಿಸಿ, ಭಾನುವಾರದ ಬೆಳಿಗ್ಗೆಗಳಲ್ಲಿ ನಮ್ಮ ಬೀದಿಯಲ್ಲಿ ಪಾಠ ಶುರುವಾಯಿತು. ಮೊದಲ ದಿನ ಅವಳು ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಕಾರು ಹತ್ತಿದಳು. ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟು ಹಿಡಿಯುವುದನ್ನು ನಾನು ಅಂದುಕೊಂಡದ್ದಕ್ಕಿಂತ ಬೇಗ ಕಲಿತಳು. ಜಗಳವಾದದ್ದು ಹಾರ್ನಿನ ವಿಷಯಕ್ಕೆ. ಪ್ರತಿ ತಿರುವಿನಲ್ಲೂ ಒತ್ತುತ್ತಿದ್ದಳು.

"ಯಾರೂ ಇಲ್ಲ, ಯಾಕೆ ಹೊಡೀತೀಯ?"

"ಹೊಡೀಲಿಲ್ಲಂದ್ರ ನಾ ಇಲ್ಲಿ ಅದೀನಿ ಅಂತ ಯಾರಿಗಿ ಗೊತ್ತಾಗ್ತದ್ರಿ?"

ನನ್ನನ್ನು ಕಂಡು ದಾರಿ ಬಿಡುವವರಿದ್ದರು. ಹಾರ್ನ್ ಮುಟ್ಟದಿರುವುದು ನನಗೆ ಸುಲಭವಾಗಿತ್ತು. ಕೊನೆಗೆ ತಿರುವಿನಲ್ಲಿ ಒಂದೇ ಒಂದು ಸಣ್ಣ ಸದ್ದು ಎಂದು ರಾಜಿಯಾಯಿತು.

ರಿವರ್ಸ್ ಅವಳಿಗೆ ಒಗ್ಗಲಿಲ್ಲ. ಒಂದು ಭಾನುವಾರ ಹಿಂದೆ ಹೋಗುತ್ತಾ ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತಿ ನಮ್ಮ ಗೇಟಿನ ಕಂಬಕ್ಕೇ ಗುದ್ದಿದಳು. ಬಂಪರ್ ಒಳಗೆ ಹೋಯಿತು. ಕಾರಿನಿಂದ ಇಳಿದು, ಆ ತಗ್ಗನ್ನು ಕೈಯಿಂದ ಸವರಿ ಹೊರಟುಹೋದಳು. ಮುಂದಿನ ವಾರ ಬರಲಿಲ್ಲ. ಫೋನೂ ಎತ್ತಲಿಲ್ಲ.

ನಾನು ಹೋಗಿ ಕರೆದುಕೊಂಡು ಬರುತ್ತೇನೆ ಎಂದಾಗ ಗಂಡ ತಾವೂ ಬರುವುದಾಗಿ ಹೇಳಿದರು. ನನಗೇ ಆಶ್ಚರ್ಯ. ಅವಳು ಬಾಗಿಲಲ್ಲೇ ನಿಂತು, "ನನ್ನ ಕೈಲೆ ಆಗೂದಿಲ್ರಿ. ನಿಮ್ಮ ಗಾಡಿ ಕೆಡಿಸಿದೆ," ಎಂದಳು.

"ಬಂಪರ್ ಇರೋದೇ ಅದಕ್ಕೆ," ಎಂದೆ.

ಗಂಡ ನನ್ನತ್ತ ಕೈ ತೋರಿಸಿದರು. "ನೋಡಮ್ಮಾ, ನಾನೂ ಇವಳ ಹತ್ರ ಕಲಿಯೋಕೆ ಹೋಗಿದ್ದೆ. ಎರಡನೇ ದಿನಕ್ಕೇ ಬಿಟ್ಬಿಟ್ಟೆ. ನೀನು ಇಷ್ಟು ದಿನ ತಡ್ಕೊಂಡಿದೀಯ. ನಾನು ಹಿಂದಿನ ಸೀಟಲ್ಲಿ ಕೂತಿರ್ತೀನಿ. ಇವಳು ಬೈದ್ರೆ ನಂಗೆ ಹೇಳು."

ಅವಳು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಆ ಮುಂದಿನ ಭಾನುವಾರಗಳಲ್ಲಿ ಅವರು ಪೇಪರ್ ಹಿಡಿದು ನಿಜಕ್ಕೂ ಹಿಂದೆ ಕೂತರು. ಅವಳು ರಿವರ್ಸ್ ಹಾಕುವಾಗ ಪೇಪರ್ ಮಡಚಿ, ಹಿಂದಕ್ಕೆ ತಿರುಗಿ, "ಬಾ, ಬಾ, ಜಾಗ ಇದೆ," ಎನ್ನುತ್ತಿದ್ದರು. ಇಷ್ಟು ವರ್ಷಗಳ ಸಂಸಾರದಲ್ಲಿ ನಾವಿಬ್ಬರೂ ಕಾರಿನಲ್ಲಿ ಹಾಗೆ ಒಂದೇ ಕೆಲಸಕ್ಕೆ ಕೂತದ್ದು, ಅವರು ಕಲಿಯಲು ಬಂದ ಆ ಎರಡು ದಿನ ಬಿಟ್ಟರೆ, ಅದೇ ಮೊದಲು. ಅದೂ ಅವಳಿಂದಲೇ ಬಂದ ಭಾಗ್ಯ.

ಪರೀಕ್ಷೆಯ ದಿನ ಎಂಟರ ಆಕಾರದ ಟ್ರ್ಯಾಕಿನಲ್ಲಿ ಅವಳು ಕಾರು ತಿರುಗಿಸಿದ್ದನ್ನು ನಾನು ಕಟ್ಟೆಯ ಮೇಲೆ ನಿಂತು ನೋಡಿದೆ. ಎಲ್ಲೂ ನಿಲ್ಲಿಸಲಿಲ್ಲ. ಇಳಿದು ಬಂದು ನನ್ನ ಕಾಲಿಗೆ ಕೈ ಹಾಕಲು ಬಗ್ಗಿದಳು. ತಡೆದೆ. "ನೀನು ನನ್ನ ಗಾಡಿ ನೂಕಿದಾಗ ನಾನು ಬಗ್ಗಿದ್ನಾ?" ಎಂದೆ.

ಲೈಸೆನ್ಸ್ ಬಂದ ಮೇಲೆ ಅಪಾರ್ಟ್‌ಮೆಂಟುಗಳಿಗೆ ತರಕಾರಿ ಮುಟ್ಟಿಸುವ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಬ್ಯಾಟರಿಯ ಪುಟ್ಟ ಗೂಡ್ಸ್ ಗಾಡಿ. ಮೊದಲ ದಿನವೇ ಫೋನ್ ಮಾಡಿದಳು. "ಅಕ್ಕೋರೆ, ಇದಕ್ಕ ಕ್ಲಚ್ಚೂ ಇಲ್ಲ, ಗೇರೂ ಇಲ್ರಿ. ನೀವು ಕಲಿಸಿದ್ದೆಲ್ಲಾ ಎಲ್ಲಿ ಇಟ್ಕೊಳ್ಲಿ?"

ಬ್ಯಾಟರಿ ಗಾಡಿಗಳ ಬಗ್ಗೆ ನಾನು ಎಷ್ಟೋ ಮಾತು ಆಡಿದ್ದೆ: ಸದ್ದಿಲ್ಲ, ಜೀವವಿಲ್ಲ, ಅದೂ ಒಂದು ಗಾಡಿಯಾ ಎಂದು. ಕೆಲವು ದಿನಗಳ ಹಿಂದೆ ಅವಳು ಬೆಳಿಗ್ಗೆಯ ಸರಕು ಇಳಿಸಿ, ಕೆ.ಆರ್. ಪುರದ ಕಡೆಯಿಂದ ನಮ್ಮ ಬೀದಿಗೆ ಆ ಗಾಡಿ ತಂದು ನಿಲ್ಲಿಸಿದಳು. ಹಲಸೂರಿಗೆ ಹೋಗಬೇಕಿತ್ತಂತೆ. "ಬರ್ರಿ, ಪಕ್ಕದಾಗ ಕೂಡ್ರಿ," ಎಂದಳು. ಹತ್ತಿದೆ. ಇಂದಿರಾನಗರದ ಸಿಗ್ನಲ್ಲಿನಲ್ಲಿ ಬಸ್ಸೊಂದಕ್ಕೆ ನಗುನಗುತ್ತಾ ದಾರಿ ಬಿಟ್ಟಳು. ಹಲಸೂರು ಕೆರೆಯ ಪಕ್ಕಕ್ಕೆ ಬಂದಾಗ ನಾನು ತಲೆ ಹೊರಳಿಸಿ ನೋಡಿದೆ. ನೀರಿನ ನಡುವಿನ ನಡುಗಡ್ಡೆಯ ಮರಗಳಲ್ಲಿ ಬಿಳಿ ಹಕ್ಕಿಗಳು ತುಂಬಿದ್ದವು. ಜೀವಮಾನವಿಡೀ ಈ ರಸ್ತೆಯಲ್ಲಿ ಓಡಾಡಿದ್ದೇನೆ. ಕಣ್ಣು ಯಾವಾಗಲೂ ಮುಂದಿನ ಗಾಡಿಯ ಬ್ರೇಕ್ ಲೈಟಿನ ಮೇಲೆ.

"ನಿಧಾನ ಹೋಗ್ಲೇನ್ರಿ?" ಎಂದಳು.

"ಹೂಂ, ಸ್ವಲ್ಪ," ಎಂದೆ.