ಐಸಿನಲ್ಲಿಟ್ಟ ಕಾರು

ಕೋಟೇಶ್ವರದ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಬೆಳಿಗ್ಗೆ ಚಾ ಕುಡಿಯಲು ಬಂದವರೆಲ್ಲ ಪೇಪರು ಓದಿದರೆ, ಗೋವರ್ಧನ ನಂಬರ್ ಪ್ಲೇಟು ಓದುತ್ತಾನೆ. ಇಪ್ಪತ್ತೆರಡು ವರ್ಷದಿಂದ ಹಳೆ ಕಾರು ಮಾರಿಸಿಕೊಡುವುದೇ ಅವನ ಕಸುಬು. ಹಾದುಹೋಗುವ ಗಾಡಿಯ ಅಕ್ಷರ ಕಂಡರೆ ಸಾಕು, ಯಾವ ವರ್ಷ ನೋಂದಣಿಯಾದದ್ದು, ಈಗ ಎಷ್ಟಕ್ಕೆ ಹೋದೀತು ಎಂದು ಜೋಯಿಸರು ಜಾತಕ ಹೇಳಿದ ಹಾಗೆ ಹೇಳಿಬಿಡುತ್ತಾನೆ. ಹೊಸ ಸೀರೀಸಿನ ಗಾಡಿ ಅಪರೂಪಕ್ಕೊಂದು ಕಂಡರೆ ಹಳತಕ್ಕೆ ಸುಗ್ಗಿ. ಸಾಲುಸಾಲಾಗಿ ಕಂಡರೆ ಹಳತನ್ನು ಮೂಸಿ ನೋಡುವವರಿಲ್ಲ. ಕೊರೊನಾ ಮುಗಿದ ಹೊಸತರಲ್ಲಿ ಹೊಸ ಕಾರಿಗೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಆಗ ಬಾಗಿಲು ಸರಿಯಾಗಿ ಮುಚ್ಚದ ಗಾಡಿಗೂ ಜನ ಕಚ್ಚಾಡಿದ್ದರು. ಗೋವರ್ಧನ ಮನೆಗೆ ತಾರಸಿ ಹಾಕಿಸಿದ್ದು ಆ ವರ್ಷವೇ.

ಈ ನವರಾತ್ರಿಯಿಂದ ಮಾತ್ರ ಅವನಿಗೆ ಚಾ ರುಚಿಸುತ್ತಿಲ್ಲ. ಸರ್ಕಾರ ಸಣ್ಣ ಕಾರುಗಳ ತೆರಿಗೆ ಇಳಿಸಿದ್ದೇ ತಡ, ಹೆದ್ದಾರಿಯಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡ ಹೊಸ ಕಾರುಗಳದೇ ಮೆರವಣಿಗೆ. ಮೊದಲ ದಿನ ಬೆರಳಲ್ಲಿ ಎಣಿಸಿದ. ಮೂರನೆಯ ದಿನ ಬೆರಳು ಸಾಲಲಿಲ್ಲ. ಹೊಸ ಕಾರು ತೆಗೆದುಕೊಂಡವರು ಹಳೆಯದನ್ನು ಶೋರೂಮಿಗೆ ಕೊಟ್ಟರು, ಶೋರೂಮಿನವರು ಅದನ್ನು ಹೊರಗೆ ತಳ್ಳಿದರು, ಹೀಗೆ ಪೇಟೆಯ ತುಂಬ ಹಳೆ ಕಾರು. ಹೆದ್ದಾರಿ ಬದಿಯಲ್ಲೇ ಇದ್ದ ಗೋವರ್ಧನನ ಅಂಗಡಿಯ ಅಂಗಳದಲ್ಲಿ ಆರು ಕಾರುಗಳು ನಿಂತಲ್ಲೇ ನಿಂತವು. ಅವನೊಬ್ಬನೇ ನಿಂತಲ್ಲಿ ನಿಲ್ಲಲಾರದೆ, ಕೂತಲ್ಲಿ ಕೂರಲಾರದೆ ಅವುಗಳ ನಡುವೆ ಸುತ್ತುತ್ತಿದ್ದ.

ಆ ಆರರಲ್ಲಿ ಒಂದು ಬಿಳಿ ಕಾರು ಅವನ ಎದೆಯ ಮೇಲೇ ಕೂತಿತ್ತು. ಅದು ಗಂಗೊಳ್ಳಿಯ ವನಜಕ್ಕನದು. ಚೌತಿ ಕಳೆದ ಮರುದಿನ ಮೀನು ಮಾರಿ ಮುಗಿಸಿ ಬಂದವಳು ಕೀ ಮೇಜಿನ ಮೇಲಿಟ್ಟಿದ್ದಳು.

"ನಮ್ಮನೆಯವ್ರಿಗೆ ಕಾಲ್‌ಗಂಟ್ ನೋವ್. ಬೋಟಲ್ಲಿ ನಿಂತ್ಕಂಬುಕೆ ಆತಿಲ್ಲೆ. ಇದನ್ನ್ ಮಾರಿ ಒಂದ್ ಹೊಸ ಗೂಡ್ಸ್ ರಿಕ್ಷಾ ತೆಗ್ದ್, ಮೀನ್ ಹಾಕ್ಕಂಡ್ ಸಿದ್ದಾಪುರ ಬದಿಗೆ ಹೋಪ ಅಂದೇಳಿ. ಈಗ ಎಷ್ಟ್ ಬತ್ತೋ ಅಷ್ಟಕ್ಕೇ ಕೊಡಿ."

"ಎಂತಕ್ ಗಡಿಬಿಡಿ ವನಜಕ್ಕ? ದಸ್ರವರಿಗೆ ಕಾಯಿನಿ. ಆಯುಧ ಪೂಜೆಗೆ ಗಾಡಿ ಬೇಕಂದೇಳಿ ಜನ ಹುಡ್ಕಂಡ್ ಬತ್ರ್. ಮೂವತ್ ಸಾವ್ರ ಜಾಸ್ತಿ ತೆಗ್ಸಿ ಕೊಡ್ತೆ. ಇದ್ ನನ್ ಮಾತ್."

ಸುಳ್ಳೇನೂ ಹೇಳಿರಲಿಲ್ಲ. ಪ್ರತಿ ವರ್ಷ ನಡೆಯುವುದೇ ಹಾಗೆ. ಆಯುಧ ಪೂಜೆಯ ದಿನ ಅಂಗಳದಲ್ಲಿ ಪೂಜೆಗೊಂದು ಗಾಡಿ ಇರಲಿ ಎನ್ನುವವರು ಇಡೀ ತಾಲೂಕಿನಲ್ಲಿದ್ದಾರೆ. ತೆರಿಗೆ ಇಳಿಯುತ್ತದಂತೆ ಎಂಬ ಸುದ್ದಿ ಆಗಲೇ ಇತ್ತು, ನಿಜ. "ಸರ್ಕಾರ ಏರ್ಸಿದ್ದ್ ಕಂಡಿದೆ, ಇಳ್ಸಿದ್ದ್ ಕಂಡಿಲ್ಲೆ" ಎಂದು ಹೋಟೆಲಿನಲ್ಲಿ ನಗೆಯಾಡಿದ್ದ ಈ ಮಹಾನುಭಾವ.

ವನಜಕ್ಕನ ಕಾರನ್ನು ಬ್ರಹ್ಮಾವರದ ಭೋಜರಾಜ ಮಾಸ್ಟ್ರು ಎರಡು ಸಲ ಓಡಿಸಿ ನೋಡಿ ಹೋಗಿದ್ದರು. ಮೂರನೆಯ ಸಲ ಬಂದರು, ಆದರೆ ಕೆಂಪು ಬಣ್ಣದ ಹೊಸ ಕಾರಿನಲ್ಲಿ. ಆನೆಗುಡ್ಡೆ ದೇವಸ್ಥಾನದಲ್ಲಿ ಪೂಜೆ ಮಾಡಿಸಿ ನೇರ ಇಲ್ಲಿಗೇ ಬಂದಿದ್ದರು. "ಬೇಜಾರ್ ಮಾಡ್ಕಣ್ಬೇಡಿ ಗೋವರ್ಧನ್ರೆ. ಹಳ್ತಕ್ಕೂ ಹೊಸ್ತಕ್ಕೂ ಈಗ ಹೆಚ್ಚ್ ವ್ಯತ್ಯಾಸ ಇಲ್ಲೆ ಅಲ್ದಾ?" ಎಂದು ಅಂಗೈಗೆ ಪಂಚಕಜ್ಜಾಯ ಹಾಕಿದರು. ಪ್ರಸಾದ ಬೇಡ ಅನ್ನುವ ಹಾಗಿಲ್ಲ. ಬಾಯಿಗೆ ಹಾಕಿಕೊಂಡ.

ಅವತ್ತೇ ಮಧ್ಯಾಹ್ನ ವನಜಕ್ಕನ ಫೋನು ಬಂತು. ಎತ್ತಲಿಲ್ಲ. ಒಳ್ಳೆಯ ಗಿರಾಕಿ ಸಿಕ್ಕಿದ ಮೇಲೆ ತಾನೇ ಮಾಡಿದರಾಯಿತು ಅಂದುಕೊಂಡ. ಬೈಂದೂರಿಗೆ ಓಡಿದ, ಬ್ರಹ್ಮಾವರಕ್ಕೆ ಓಡಿದ, ಪರಿಚಯದ ದಲ್ಲಾಳಿಗಳನ್ನೆಲ್ಲ ವಿಚಾರಿಸಿದ. ಎಲ್ಲರೂ ಅವನಿಗೇ ಕಾರು ಮಾರಲು ನೋಡಿದರು. ಸಾಸ್ತಾನದ ಟೋಲಿನ ಸಾಲಿನಲ್ಲಿ ನಿಂತಾಗ ಮುಂದೊಂದು ಹೊಸ ಕಾರು, ಹಿಂದೊಂದು ಹೊಸ ಕಾರು. ಮನೆಗೆ ಬಂದರೆ ಊಟಕ್ಕೆ ಕೂತಲ್ಲೂ ವನಜಕ್ಕನ ಫೋನು; ತಟ್ಟೆಯ ಪಕ್ಕ ಮಗುಚಿ ಇಡುತ್ತಿದ್ದ. ಹೆಂಡತಿ ಸುಗುಣ ಎರಡು ದಿನ ನೋಡಿದಳು, ಮೂರನೆಯ ದಿನ ಕೇಳಿಯೇ ಬಿಟ್ಟಳು. "ಎಂತಕ್ ಅದನ್ನ್ ಮಗ್ಚಿ ಇಡೂದ್? ಎತ್ತಿ ಒಂದ್ ಮಾತ್ ಹೇಳುಕ್ ಆತಿಲ್ಯಾ?" ಆಗುತ್ತಿರಲಿಲ್ಲ. ಹೇಳಿದ ಬೆಲೆಯನ್ನು ಇಳಿಸಿದವನಲ್ಲ ಎಂಬ ಹೆಸರೊಂದನ್ನು ಬಿಟ್ಟರೆ ಅವನ ಹತ್ತಿರ ಬೇರೆ ಬಂಡವಾಳವೇನಿತ್ತು? ನಾಚಿಕೆ ಎಂಬುದು ಗಂಡಸನ್ನು ಎಂಥ ಹೇಡಿ ಮಾಡುತ್ತದೆ ನೋಡಿ.

ಹೀಗೇ ಮೂರು ವಾರ. ದೀಪಾವಳಿಗೆ ನಾಲ್ಕು ದಿನವಿರುವಾಗ ವನಜಕ್ಕ ತಾನೇ ಬಂದಳು. ಗಂಡ ಸೂರನೂ ಜೊತೆಗಿದ್ದ. ಬಸ್ಸಿಳಿದು ಕುಂಟುತ್ತ ಬಂದವನು ಕಾರಿನ ಹತ್ತಿರವೇ ನಿಂತ. ಗೋವರ್ಧನ ಎದ್ದು ಕುರ್ಚಿ ಸರಿಸಿದ. ಅವಳು ಕೂರಲಿಲ್ಲ.

"ಕೀ ಕೊಡಿ ಗೋವರ್ಧನಣ್ಣ. ಕುಂದಾಪ್ರದ ಶೋರೂಮಲ್ಲಿ ಎಕ್ಸ್‌ಚೇಂಜಿಗೆ ತಕಂತ್ರ್ ಅಂಬ್ರ್."

"ವನಜಕ್ಕ, ರೇಟ್ ಹೀಂಗ್ ಬೀಳತ್ತ್ ಅಂದೇಳಿ ನಂಗ್ ಗೊತ್ತಿರ್ಲಿಲ್ಲ…"

"ರೇಟ್ ಬಿದ್ದದ್ದ್ ನಿಮ್ ತಪ್ಪಲ್ಲ. ಬಲೆ ತುಂಬ ಬಂಗ್ಡಿ ಮೀನ್ ಬಂದ್ ದಿನ ಯಾರ್ ರೇಟ್ ಕೊಡ್ತ್ರ್? ಅಂಥಾ ದಿನ ನಾನ್ ಬಂದ್ ರೇಟಿಗ್ ಕೊಟ್ಟ್ ಮನಿಗ್ ಹೋತೆ. ನೀವ್ ನನ್ ಕಾರನ್ನ ಮೂರ್ ವಾರ ಐಸಲ್ಲಿ ಇಟ್ರಿ. ಐಸಲ್ಲಿ ಇಟ್ಟ್ ಮೀನ್ ಹೊಸ್ತಾತಿಲ್ಲೆ."

ಅವನು ಕೀ ತೆಗೆದು ಮೇಜಿನ ಮೇಲಿಟ್ಟ. ಅವಳು ನಿಲ್ಲಿಸಲಿಲ್ಲ.

"ಹೊಸ ಗೂಡ್ಸ್ ರಿಕ್ಷಾದ ರೇಟೂ ಇಳ್ದಿತ್ತ್. ನಿಮ್ಗ್ ಗೊತ್ತಿತ್ತಾ? ಸುರೂ ವಾರ ಹೇಳಿದ್ರೆ ಇದ್ರಲ್ಲಿ ಹೋದ್ದ್ ಅದ್ರಲ್ಲಿ ಬತ್ತಿತ್ತ್. ಈಗ ಈ ಕಾರಿಗೆ ಮತ್ತೂ ಇಪ್ಪತ್ತೈದ್ ಸಾವ್ರ ಕಮ್ಮಿ ಅಂಬ್ರ್."

ಗೋವರ್ಧನನಿಗೆ ಗೊತ್ತಿರಲಿಲ್ಲ. ದಿನವಿಡೀ ರಸ್ತೆ ನೋಡುತ್ತಿದ್ದವನು ಕಾರಿನ ಪ್ಲೇಟು ಬಿಟ್ಟರೆ ಬೇರೇನನ್ನೂ ಓದಿರಲಿಲ್ಲ. "ಆ ಇಪ್ಪತ್ತೈದ್ ನಾನ್ ಕೊಡ್ತೆ ವನಜಕ್ಕ" ಎಂದ.

"ದುಡ್ಡ್ ಬ್ಯಾಡ. ಫೋನ್ ಎತ್ತಿರೆ ಸಾಕಿತ್ತ್."

ಸೂರ ಬಂದು ಕೀ ತೆಗೆದುಕೊಂಡ. ಕಾರಿನ ಮೇಲಿನ ಮೂರು ವಾರದ ಧೂಳನ್ನು ಹೆಗಲ ಬೈರಾಸಿನಿಂದ ಒರೆಸಿದ. ವನಜಕ್ಕ ಮುಂದಿನ ಸೀಟಿನಲ್ಲಿ ಕೂತಳು. ಕಾರು ಹೆದ್ದಾರಿಗೆ ಇಳಿದು ಹಾರ ಹಾಕಿದ ಎರಡು ಹೊಸ ಕಾರುಗಳ ಹಿಂದೆ ಕುಂದಾಪುರದ ಕಡೆಗೆ ಹೋಯಿತು.

ಅಂಗಳದಲ್ಲಿ ಐದು ಕಾರು ಉಳಿದವು. ಐದು ಮನೆಯವರಿಗೂ ಅವನು ಅದೇ ದಸರೆಯ ಮಾತು ಕೊಟ್ಟಿದ್ದ. ಗೋವರ್ಧನ ಹೆದ್ದಾರಿಗೆ ಬೆನ್ನು ಹಾಕಿ ಕುರ್ಚಿ ತಿರುಗಿಸಿದ. ಮಗುಚಿ ಇಟ್ಟಿದ್ದ ಫೋನನ್ನು ಎತ್ತಿ ಮೊದಲನೆಯವರ ನಂಬರು ಒತ್ತಿದ.

"ಹ್ವಾಯ್, ನಾನ್ ಗೋವರ್ಧನ. ನಿಮ್ ಕಾರಿನ್ ರೇಟ್ ಬಿದ್ದಿತ್ತ್. ನಾಳಿಗೆ ಮತ್ತೂ ಬೀಳತ್ತ್. ನಾನ್ ಇದನ್ನ ಮೂರ್ ವಾರ ಮುಂಚೆಯೇ ಹೇಳುಕಿತ್ತ್."

ಆಚೆಯಿಂದ ಬೈಗುಳ ಶುರುವಾಯಿತು. ಅದು ಮುಗಿಯುವವರೆಗೂ ಫೋನನ್ನು ಕಿವಿಯಿಂದ ತೆಗೆಯದೆ ಕೇಳಿದ. ಆಮೇಲೆ ಎರಡನೆಯವರಿಗೆ ಮಾಡಿದ.