ಬ್ರಾಕೆಟ್ಟಿನೊಳಗೆ ಬಿಟ್ಟ ಮೂರು ಸಾಲು

ಶಹಾಪುರದ ಕಾಲೇಜಿನಲ್ಲಿ ನಾನು ಸೆಕೆಂಡ್ ಪಿಯುಸಿಗೆ ಬಯಾಲಜಿ ಹೇಳುತ್ತಿದ್ದೆ. ಪುಸ್ತಕದ ಕೊನೆಯ ಭಾಗ ಪರಿಸರ ವಿಜ್ಞಾನ. ಅಲ್ಲಿಗೆ ಬರುವಷ್ಟರಲ್ಲಿ ಸಂಕ್ರಾಂತಿ ದಾಟಿರುತ್ತಿತ್ತು, ಪೋರ್ಷನ್ ಮುಗಿಸುವ ಅವಸರ. ಪರೀಕ್ಷೆಗೆ ಬಾರದ ಸಾಲುಗಳಿಗೆ ಪೆನ್ಸಿಲ್ಲಿನಲ್ಲಿ ಬ್ರಾಕೆಟ್ ಹಾಕಿಸಿಬಿಡುತ್ತಿದ್ದೆ. “ಇದು ಒಮಿಟ್” ಎಂದರೆ ಸಾಕು, ಕ್ಲಾಸಿನ ಪೆನ್ಸಿಲ್ಲುಗಳೆಲ್ಲ ಒಟ್ಟಿಗೆ ಕರಕರ ಎನ್ನುತ್ತಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ್ದೂ ಹಾಗೆಯೇ. ನೀಟ್, ಟು ದಿ ಪಾಯಿಂಟ್. ಎರೆಮಣ್ಣಿನ ಹೊಲವನ್ನು ನಾನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ಆ ವರ್ಷ ಸುರಪುರದ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ನಾರಾಯಣಪುರದ ಕಾಲುವೆ ಅವರ ಹೊಲಕ್ಕೆ ಬಂದು ಕೆಲವು ವರ್ಷವಾಗಿತ್ತು. ಜೋಳದ ಹೊಲ ಭತ್ತದ ಗದ್ದೆಯಾಗಿ, ಈಗ ಮೂಲೆಯಲ್ಲಿ ಬೆಳ್ಳಗೆ ಉಪ್ಪು ಹೂವಿನಂತೆ ಏಳತೊಡಗಿತ್ತು. ಇದ್ದದ್ದು ಆ ನಾಲ್ಕೆಕರೆ ಅಷ್ಟೇ. ಅಲ್ಲಿ ಬೆಳೆ ಬಂದರೆ ಇವಳು ಬಿ.ಎಸ್ಸಿ. ಓದಲು ಗುಲ್ಬರ್ಗಾಕ್ಕೆ, ಇಲ್ಲದಿದ್ದರೆ ಅವ್ವನ ಜೊತೆ ಕೂಲಿಗೆ.

ಉಪ್ಪೇರಿದ ಸವಳು ಮಣ್ಣಿನ ಪಾಠದ ದಿನ ಅವಳು ಎದ್ದು ನಿಂತಳು. “ಮೇಡಂ, ನಮ್ಮ ಹೊಲದಾಗೂ ಹಿಂಗೇ ಆಗ್ಯದ್ರಿ. ಇದಕ್ಕೇನು ಮಾಡಬೇಕ್ರಿ?”

ಪಕ್ಕದವಳು ಬಿಡಲಿಲ್ಲ. “ನಾಳಿಗಿ ಒಂದು ಚಿಟಿಕಿ ತಗೊಂಡು ಬಾರವ್ವ, ಹಾಸ್ಟೆಲಿನ ಸಾರಿಗಿ ಉಪ್ಪೇ ಇರಂಗಿಲ್ಲ!”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಬೋರ್ಡಿನ ಮೇಲೆ ಬರೆದೆ: ಲೀಚಿಂಗ್. ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆಯುವುದು. “ಟೂ ಮಾರ್ಕ್ಸ್. ಕೆಳಗಿನ ಮೂರು ಸಾಲು ಒಮಿಟ್.”

ಕರಕರ.

ವಾರದ ನಂತರ ಅವಳು ವರಾಂಡದಲ್ಲಿ ಓಡಿಬಂದಳು. “ಮೇಡಂ, ಅಪ್ಪ ತೂಬು ತೆಗದಾನ್ರಿ! ನಾ ನೋಟ್ಸ್ ಓದಿ ಹೇಳ್ದೆ. ಹೊಲದ ತುಂಬ ನೀರು ನಿಲ್ಲಿಸ್ಯಾನ.” ನನಗೆಷ್ಟು ಹೆಮ್ಮೆ! ಪ್ರಾಕ್ಟಿಕಲ್ ಅಪ್ಲಿಕೇಶನ್ ಅಂದರೆ ಇದು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ.

ರಿಸಲ್ಟ್ ಬಂತು, ಬಯಾಲಜಿಯಲ್ಲಿ ಡಿಸ್ಟಿಂಕ್ಷನ್. ಮಾರ್ಕ್ಸ್ ಕಾರ್ಡ್ ಒಯ್ಯಲು ತಂದೆಯೊಂದಿಗೆ ಬಂದಿದ್ದಳು. ಆತ ಟವೆಲ್ಲಿನ ಗಂಟು ಬಿಚ್ಚಿ ನನ್ನ ಟೇಬಲ್ಲಿನ ಮೇಲಿಟ್ಟ. ಸುಣ್ಣ ಬೆರೆಸಿದಂಥ ಮಣ್ಣು.

“ನೋಟ್ಸಿನ್ಯಾಗ ಇದ್ದಂಗ ಬರೋಬ್ಬರಿ ಮಾಡೀವ್ರಿ. ಮೊದಲು ಮೂಲ್ಯಾಗಷ್ಟೇ ಇತ್ತು, ಈಗ ಪೂರಾ ಹೊಲ ಬೆಳ್ಳಗಾಗ್ಯದ. ಮುಂದೇನರ ಬರದದೇನ್ರಿ ಪುಸ್ತಕದಾಗ? ಜರಾ ನೋಡಿ ಹೇಳ್ರಿ.”

ಪುಸ್ತಕ ತೆರೆದೆ. ಬ್ರಾಕೆಟ್ಟಿನೊಳಗಿನ ಸಾಲುಗಳನ್ನು ಓದಿ ಹೇಳಲೇಬೇಕಾಯಿತು. ನೀರು ನಿಲ್ಲಿಸುವ ಮೊದಲು ಬಸಿಗಾಲುವೆ ತೋಡಬೇಕು, ಇಳಿದ ನೀರು ಹೊರಗೆ ಹರಿದುಹೋಗಬೇಕು. ಇಲ್ಲದಿದ್ದರೆ ಅದು ಒಳಗೇ ನಿಂತು, ಆಳದ ಉಪ್ಪನ್ನೂ ಮೇಲಕ್ಕೆ ತರುತ್ತದೆ.

“ಈ ಮಾತು ನಮ್ಮ ಹುಡುಗಿ ಪುಸ್ತಕದಾಗ ಇಲ್ಲೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. “ಐತಪ್ಪ. ಅದು ಒಮಿಟ್ ಇತ್ತು.”

ದನಿಯಲ್ಲಿ ದೂರು ಇರಲಿಲ್ಲ. ಐ ವಿಶ್, ಇದ್ದಿದ್ದರೆ!

ಮರುದಿನ ಅವರ ಹೊಲಕ್ಕೆ ಹೋದೆ. ಬಸಿಗಾಲುವೆ ಹಳ್ಳ ಸೇರಬೇಕಾದರೆ ಕೆಳಗಿನವರ ಗದ್ದೆ ದಾಟಬೇಕು. ಅವರನ್ನು ನಾನೇ ಕೇಳಿಕೊಂಡೆ.

“ಅವರ ಉಪ್ಪು ನಮ್ಮ ಗದ್ದಿಗಿ ಯಾಕ ಬರಬೇಕ್ರಿ ಅಕ್ಕಾರ? ನಿಮ್ಮ ಕಾಲೇಜಿನ ಅಂಗಳದಾಗ ಬಿಟ್ಗೋರಿ,” ಎಂದರು ಗದ್ದೆಯವರು. ಅವರ ಮಾತೂ ತಪ್ಪಲ್ಲ. ಬಸಿಗಾಲುವೆ ಅಲ್ಲಿಗೇ ನಿಂತಿತು.

ಹುಡುಗಿ ಗುಲ್ಬರ್ಗಾಕ್ಕೆ ಹೋಗಲಿಲ್ಲ. ಬಳಿಚಕ್ರ ಅವಳ ಸೋದರತ್ತೆಯ ಊರು, ಕಾಲುವೆ ಮುಟ್ಟದ ಮಳೆಯ ಹೊಲಗಳು. ಸುಗ್ಗಿ ಬಂದಾಗ ಅಲ್ಲಿ ತೊಗರಿ ಕೊಯ್ಯಲು ಅವ್ವನ ಜೊತೆ ಹೋದಳೆಂದು ಕೇಳಿದೆ.

ಮುಂದಿನ ವರ್ಷ ಅದೇ ಪಾಠ ಬಂದಾಗ ಆ ಮೂರು ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಹೊಲ, ಉಪ್ಪು, ಬಸಿಗಾಲುವೆ, ಎಲ್ಲವನ್ನೂ ಬೋರ್ಡಿನ ಮೇಲೆ ಬಿಡಿಸಿದೆ. ಹಿಂದಿನ ಬೆಂಚಿನಿಂದ ಯಾರೋ ಕೇಳಿದರು:

“ಮೇಡಂ, ಇದು ಎಕ್ಸಾಮಿಗಿ ಬರ್ತದೇನ್ರಿ?”

ಸುಳ್ಳು ಹೇಳಬಹುದಿತ್ತು. “ಬರೋದಿಲ್ಲ,” ಎಂದೆ.

ಪೆನ್ಸಿಲ್ಲುಗಳು ಕರಕರ ಎಂದವು.