ಊರ ತುಂಬ ಗಾಳಿಮಳೆ

ಪುಣೆಯ ವಾಕಡದಲ್ಲಿನ ನಮ್ಮ ಮನೆಯ ಕಿಟಕಿ ಗಾಳಿಗೆ ಬಡಿದುಕೊಂಡಿತು. ಕಪಾಟಿನ ಮೇಲಿದ್ದ ಚೀನೀ ನಿಘಂಟು ದೊಪ್ಪನೆ ಬಿತ್ತು. ಒಳಗಿಂದ ರಟ್ಟಿನ ತುಂಡೊಂದು ಜಾರಿತು. ಅದರ ಮೇಲೊಂದು ದೋಣಿಯ ಚಿತ್ರ. ಅದನ್ನು ಬರೆದ ದಿನವನ್ನು ಈಗಲೂ ಮರೆತಿಲ್ಲ.

ಕಾಲೇಜಿನಲ್ಲಿದ್ದಾಗ ನನಗೆ ಚೀನೀ ಭಾಷೆಯ ಹುಚ್ಚು. ಗುರುಗಳಿಲ್ಲ, ಫುಟ್‌ಪಾತಿನಲ್ಲಿ ಸಿಕ್ಕ ಆ ನಿಘಂಟೇ ಗುರು. ಅದರಲ್ಲೂ ನಾಲ್ಕಕ್ಷರದ ನುಡಿಗಟ್ಟುಗಳೆಂದರೆ ಪ್ರಾಣ. ಎಷ್ಟೊಂದರಲ್ಲಿ ಗಾಳಿ ಬೀಸುತ್ತದೆ ನೋಡಿ! ಹಾಯಿಗೆ ಅನುಕೂಲದ ಗಾಳಿ ಎಂದರೆ ಕೆಲಸ ಸಲೀಸು. ಗಾಳಿ ನೋಡಿ ಚುಕ್ಕಾಣಿ ತಿರುಗಿಸುವವನು ಸಮಯಸಾಧಕ. ಅವ್ವನ ಮೇಲೂ ಇವನ್ನು ಪ್ರಯೋಗಿಸುತ್ತಿದ್ದೆ. ಒಗ್ಗರಣೆ ಸೀಯುವ ತನಕ ಸಹಿಸುತ್ತಿದ್ದಳು.

ನನ್ನ ಕಾಕಾ ಪುಣೆ ಪಕ್ಕದ ಚಾಕಣದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಅವರ ಮಾತು ನಂಬಿ ಮಾಲಕರು ಚೀನಾದಿಂದ ತಗಡು ಒತ್ತುವ ಪ್ರೆಸ್ ಯಂತ್ರ ತರಿಸಿದ್ದರು. ಅದನ್ನು ಜೋಡಿಸಲು ಚೆನ್ ಎಂಬವರು ಬಂದಿದ್ದರು. ದುಭಾಷಿ ಜ್ವರದಿಂದ ಮಲಗಿದಾಗ ಕಾಕಾ ನನ್ನನ್ನೇ ಕರೆದೊಯ್ದರು. ಮಧ್ಯಾಹ್ನ ಮಾಲಕರು ಬರುವಷ್ಟರಲ್ಲಿ ಯಂತ್ರ ಓಡಬೇಕು. ಇಲ್ಲದಿದ್ದರೆ ಕಾಕಾರ ಕೆಲಸಕ್ಕೇ ಸಂಚಕಾರ.

ಹಿಂದಿನ ದಿನವಷ್ಟೇ ಯಂತ್ರದಿಂದ ಎಣ್ಣೆ ಸೋರಿತ್ತು. ಅಂದು ಬೆಳಿಗ್ಗೆ ಬಿರುಮಳೆ. ಅರ್ಧಕ್ಕರ್ಧ ಕೆಲಸಗಾರರು ಬಂದಿರಲಿಲ್ಲ. ಚೆನ್ "ಯಾಕೆ?" ಎಂದರು. 'ಮಳೆ' ಎಂಬ ಸಣ್ಣ ಪದ ಸಾಕಿತ್ತು. ನಾನು ಗತ್ತಿನಿಂದ "ಮಾನ್ ಛಂಗ್ ಫಂಗ್ ಯೂ" ಎಂದೆ. ಊರ ತುಂಬ ಗಾಳಿಮಳೆ.

ಅವರ ಮುಖ ಬಿಳಿಚಿತು. "ಯಾರು ಹೇಳಿದರು?"

"ಎಲ್ಲರೂ ಹೇಳ್ತಿದ್ದಾರೆ," ಎಂದೆ, ನಗುತ್ತ.

ಅವರು ಪಾನಾ, ಸ್ಕ್ರೂಡ್ರೈವರುಗಳನ್ನು ಪೆಟ್ಟಿಗೆಗೆ ತುಂಬತೊಡಗಿದರು.

"ಏನಂದಿ ಅವ್ರಿಗೆ?" ಕಾಕಾ ನನ್ನ ತೋಳು ಹಿಡಿದರು.

"ಮಳಿ ಭಾಳ ಅದ ಅಂದೆ, ಕಾಕಾ."

"ಬರೇ ಮಳಿಗೆ ಯಾರರ ಗಂಟು ಕಟ್ತಾರೇನ? ಆ ಬುಕ್ ತಗದು ನೋಡವಾ, ನನ್ನ ಅನ್ನಕ್ಕ ಮಣ್ಣ ಹಾಕಬ್ಯಾಡ!"

ನಿಘಂಟಿನ ಪುಟ ತಿರುವಿದೆ. ಅರ್ಥ: ಮಾನಗೇಡಿನ ಸುದ್ದಿ ಊರೆಲ್ಲ ಹಬ್ಬುವುದು. ಯಂತ್ರ ಸೋರಿದ್ದನ್ನು ಇಡೀ ಪುಣೆ ಆಡಿಕೊಳ್ಳುತ್ತಿದೆ ಎಂದು ನಾನೇ ಹೇಳಿಬಿಟ್ಟಿದ್ದೆ!

ಕಲಿತ ಚೀನೀ ಎಲ್ಲ ಆ ಕ್ಷಣ ಮರೆತುಹೋಯಿತು. ರಟ್ಟಿನ ಡಬ್ಬಿ ಹರಿದು ಒಂದು ದೋಣಿ ಬರೆದೆ. ಮೇಲೆ ಮಳೆ, ಒಳಗೆ ಕಾಕಾ ಮತ್ತು ಚೆನ್. ಕೆಳಗೆ ಇನ್ನೊಂದು ನುಡಿಗಟ್ಟು, ಈ ಸಲ ಅರ್ಥ ನೋಡಿಕೊಂಡೇ: ಗಾಳಿಮಳೆಯಲ್ಲಿ ಒಂದೇ ದೋಣಿ. ಆಮೇಲೆ ಹೊರಗೆ ಸುರಿಯುತ್ತಿದ್ದ ಮಳೆಯನ್ನು ತೋರಿಸಿ ಹಣೆ ಹಣೆ ಬಡಿದುಕೊಂಡೆ.

ಚೆನ್ ರಟ್ಟನ್ನು ಕೈಗೆತ್ತಿಕೊಂಡರು. ಪೆನ್ನು ಇಸಿದುಕೊಂಡು, ನಾನು ಅಕ್ಷರದಲ್ಲಿ ಬಿಟ್ಟಿದ್ದ ಗೆರೆಯೊಂದನ್ನು ಸೇರಿಸಿದರು. ಬಳಿಕ ದೋಣಿಯ ತುದಿಯಲ್ಲಿ ಜಡೆಯ ಹುಡುಗಿಯೊಬ್ಬಳನ್ನು ಕೂರಿಸಿ, ಪೆಟ್ಟಿಗೆ ತೆರೆದರು. ಮಾಲಕರ ಕಾರು ಒಳಬರುವಾಗ ಯಂತ್ರ ಓಡುತ್ತಿತ್ತು.

ಈಗ ಆ ರಟ್ಟಿನ ಧೂಳು ಒರೆಸುತ್ತಿದ್ದಾಗಲೇ ಕಾಕಾರ ಫೋನು. "ನಿಮ್ಮ ಕಡೆ ಹೆಂಗದವಾ?"

ನಾಲಗೆಯ ತುದಿಗೆ ನಾಲ್ಕಕ್ಷರ ಬಂದವು. ನುಂಗಿಕೊಂಡೆ.

"ಮಳಿ ಬರ್ಲಿಕ್ಕತ್ತದ, ಕಾಕಾ."

"ಬರೇ ಮಳಿ ಹೌದಲ್ಲೊ?" ಎಂದರು ಕಾಕಾ, ಇನ್ನೂ ನಂಬಿಕೆ ಬಾರದ ದನಿಯಲ್ಲಿ.